ಪ್ರತಿವಾದಿಯ ಬುತ್ತಿ

ನಮ್ಮ ಊರಿನಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಕೋರ್ಟಿಗೆ ಹೋದರೆ, ತೀರ್ಪು ಬರುವ ತನಕ ವಾದಿಯ ಮಧ್ಯಾಹ್ನದ ಊಟ ಪ್ರತಿವಾದಿಯ ಮನೆಯಿಂದ, ಪ್ರತಿವಾದಿಯ ಊಟ ವಾದಿಯ ಮನೆಯಿಂದ ಬರಬೇಕು. ಕೈಯಾರೆ ಮಾಡಿದ್ದಾಗಿರಬೇಕು. ಹೋಟೆಲಿನದು ನಡೆಯುವುದಿಲ್ಲ, ಸೊಸೆ ಮಾಡಿಕೊಟ್ಟದ್ದೂ ನಡೆಯುವುದಿಲ್ಲ. ಒಂದು ವಾರ ಸತತವಾಗಿ ಬುತ್ತಿ ತಪ್ಪಿದರೆ ತಪ್ಪಿಸಿದವರ ಕೇಸು ಬಿದ್ದುಹೋಗುತ್ತದೆ. ಹೀಗಾಗಿ ನಮ್ಮಲ್ಲಿ ಗಂಡು ನೋಡಲು ಹೋದವರು ಹುಡುಗನಿಗೆ ಒಂದು ಸಾರು ಕುದಿಸಲು ಬರುತ್ತದೆಯೇ ಎಂದು ಮೊದಲು ವಿಚಾರಿಸುತ್ತಾರೆ. ಆಸ್ತಿ ಇರುವವನಿಗೆ ಒಂದಲ್ಲ ಒಂದು ದಿನ ಬೇಕಾಗುವ ವಿದ್ಯೆ ಅದು.

ಬುತ್ತಿ ಸರಿಯಾಗಿ ಹೋಗುತ್ತಿದೆಯೇ ಎಂದು ನೋಡುವುದು ಕೋರ್ಟಿನ ಅಮೀನರ ಕೆಲಸ. ನಾನು ಹೇಳುವ ಕಾಲಕ್ಕೆ ಬಾಷು ಸಾಬರು ಅಮೀನರಾಗಿದ್ದರು. ಮಧ್ಯಾಹ್ನವಾಯಿತೆಂದರೆ ಸೈಕಲ್ಲು ಹತ್ತಿ ಮನೆಮನೆ, ಅಂಗಡಿ, ಕಚೇರಿ ಸುತ್ತುತ್ತಿದ್ದರು. ಡಬ್ಬಿಯ ಮುಚ್ಚಳ ತೆಗೆದು ನೋಡುವ ಅಧಿಕಾರ ಅವರಿಗಿತ್ತು, ರುಚಿ ನೋಡುವ ಅಧಿಕಾರ ಇರಲಿಲ್ಲ. ಅದನ್ನೇ ನೆಪ ಮಾಡಿಕೊಂಡು ಪಾಲು ಕೇಳುವ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಹಿಡಿಗಟ್ಟಲೆ ಉಪ್ಪು ಸುರಿದು ಕಳಿಸುತ್ತಿದ್ದರು. ಜಗಳದ ಉಪ್ಪು ಅಂತಲೇ ಅದಕ್ಕೆ ಹೆಸರು. ಊರಿನಲ್ಲಿ ಯಾರಾದರೂ ಮಧ್ಯಾಹ್ನದ ಮೇಲೆ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರೆ 'ಏನು, ಕೇಸು ಜೋರಾ?' ಎಂದು ಕೇಳುವುದು ವಾಡಿಕೆ.

ನಾನು ಕಾಲುವೆ ಇಲಾಖೆಯಲ್ಲಿ ಗುಮಾಸ್ತೆಯಾಗಿದ್ದೆ. ಹೆಸರು ನೀಲಾಂಬಿಕೆ. ಮದುವೆಯಾಗಿತ್ತು, ನಿಲ್ಲಲಿಲ್ಲ. ಅದಾದ ಮೇಲೆ ತರಕಾರಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಒಂದು ಮನೆ ಮಾಡಿಕೊಂಡು ಒಬ್ಬಳೇ ಇದ್ದೆ. ಆ ಮದುವೆ ಮುರಿದ ವರ್ಷವೇ ಇಲಾಖಾ ಪರೀಕ್ಷೆಯ ಎರಡೂ ಪತ್ರಿಕೆ ಬರೆದು ಒಂದೇ ಸಲಕ್ಕೆ ಪಾಸು ಮಾಡಿದ್ದೆ. ಅಳುವುದಕ್ಕಿಂತ ಲೆಕ್ಕಪತ್ರ ಓದುವುದು ಸುಲಭವಾಗಿತ್ತು. ಪಾಸಾದವರಿಗೆ ಶಿರಸ್ತೇದಾರರಾಗುವ ಅರ್ಹತೆ ಬರುತ್ತದೆ. ಅರ್ಹತೆ ಬಂದು ಎಷ್ಟೋ ವರ್ಷವಾದರೂ ಕುರ್ಚಿ ಖಾಲಿಯಾಗಿರಲಿಲ್ಲ ಅಷ್ಟೆ.

ಕೊನೆಗೆ ಒಂದು ಯುಗಾದಿಯ ಮುಂಚೆ ನಮ್ಮ ಮೇಲಿನ ಕಾಲುವೆ ಕಚೇರಿಯ ಶಿರಸ್ತೇದಾರರು ನಿವೃತ್ತರಾದರು. ಆ ದಿನಕ್ಕೆ ನಮ್ಮ ಕಚೇರಿಯಲ್ಲಿ ಇಲಾಖಾ ಪರೀಕ್ಷೆ ಪಾಸಾಗಿದ್ದವಳು ನಾನೊಬ್ಬಳೇ. ನನಗಿಂತ ಸೇವೆಯಲ್ಲಿ ಬಹಳ ಹಿರಿಯರಾದ ಧರಣೇಂದ್ರಯ್ಯನವರು ಲೆಕ್ಕಪತ್ರದಲ್ಲಿ ಪ್ರತಿ ಸಲ ಜಾರುತ್ತಿದ್ದರು. ಅವರೂ ಬಿಟ್ಟವರಲ್ಲ, ಪ್ರತಿ ಸಲ ಬರೆಯುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಮತ್ತೆ ಬರೆದಿದ್ದರು, ಫಲಿತಾಂಶ ಬಂದಿರಲಿಲ್ಲ. ಆ ಫಲಿತಾಂಶ ಯಾರದೋ ಮೇಜಿನ ಮೇಲೆ ಮಲಗಿ, ಮಳೆಗಾಲ ಶುರುವಾದ ಮೇಲೆ ಎದ್ದು ಹೊರಗೆ ಬಂತು. ಧರಣೇಂದ್ರಯ್ಯನವರು ಪಾಸಾಗಿದ್ದರು. ಅದರ ಮುಂದಿನ ತಿಂಗಳು ಬಡ್ತಿಯ ಸಭೆ ಸೇರಿತು. ಇಬ್ಬರೂ ಪಾಸು, ಇಬ್ಬರಲ್ಲಿ ಅವರು ಹಿರಿಯರು, ಕುರ್ಚಿ ಅವರಿಗೆ ಎಂದು ಆದೇಶವಾಯಿತು.

ನನಗೆ ಮೈ ಉರಿಯಿತು. ಕುರ್ಚಿ ಖಾಲಿಯಾದ ದಿನ ಪಾಸಾಗಿರಬೇಕು ಎನ್ನುವುದು ನಿಯಮ. ಅವತ್ತು ಅವರು ಪಾಸಾಗಿರಲಿಲ್ಲ. ಅವರು ಹೇಳುವುದು, 'ಪರೀಕ್ಷೆ ನಾನು ಸಂಕ್ರಾಂತಿಗೇ ಬರೆದಾಗಿತ್ತು, ಉತ್ತರ ಪತ್ರಿಕೆಯಲ್ಲಿ ಅವತ್ತೇ ಪಾಸಾಗಿದ್ದೆ, ಹೇಳುವವರು ತಡ ಮಾಡಿದರೆ ನನ್ನ ತಪ್ಪೇ?' ಅವರ ಮಾತಿನಲ್ಲೂ ನ್ಯಾಯವಿತ್ತು, ಅದು ನನಗೆ ಆಗಲೂ ಗೊತ್ತಿತ್ತು. ಆದರೆ 'ನೀವು ಚಿಕ್ಕವರು, ಕಾಯಿರಿ' ಎನ್ನುವ ಮಾತನ್ನು ಕೇಳಿ ಕೇಳಿ ನನಗೆ ನಲವತ್ತು ದಾಟಿತ್ತು. ಕೋರ್ಟಿಗೆ ಹೋದೆ. ಆದೇಶಕ್ಕೆ ಸಹಿ ಮಾಡಿದ ಸಾಹೇಬರು ಅಷ್ಟರಲ್ಲಿ ವರ್ಗವಾಗಿ ಊರು ಬಿಟ್ಟಿದ್ದರಿಂದ ಬುತ್ತಿ ನಮ್ಮಿಬ್ಬರ ನಡುವೆಯೇ ಉಳಿಯಿತು.

ಧರಣೇಂದ್ರಯ್ಯನವರು ಜೈನರು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆಲೂಗಡ್ಡೆ ಮೂಲಂಗಿಯಂಥ ನೆಲದೊಳಗಿನದು ಯಾವುದೂ ಇಲ್ಲ. ನನ್ನದು ಈರುಳ್ಳಿ ಹೆಚ್ಚಿಟ್ಟ ಮೇಲೆ ಇವತ್ತು ಏನು ಅಡುಗೆ ಎಂದು ಯೋಚಿಸುವ ಮನೆ. ಮೊದಲ ದಿನ ಹೆಸರುಬೇಳೆ ತೊವ್ವೆ, ಹೀರೇಕಾಯಿ ಪಲ್ಯ, ಎರಡು ಜೋಳದ ರೊಟ್ಟಿ ಮಾಡಿ, ಇಂಗಿನ ಒಗ್ಗರಣೆ ಹಾಕಿ ತೆಗೆದುಕೊಂಡು ಹೋದೆ. ಅವರು ಬಾಳೆಕಾಯಿ ಪಲ್ಯ, ಅನ್ನ, ತಿಳಿಸಾರು ತಂದಿದ್ದರು. ಶಿರಸ್ತೇದಾರರ ಮೇಜಿನ ಮೇಲೆ ಡಬ್ಬಿಗಳನ್ನು ಅದಲುಬದಲು ಮಾಡಿಕೊಂಡೆವು. ಬಾಷು ಸಾಬರು ಎರಡರ ಮುಚ್ಚಳವನ್ನೂ ತೆಗೆದು ನೋಡಿ, ನಿಟ್ಟುಸಿರು ಬಿಟ್ಟು, ಮುಂದಿನ ಮನೆಗೆ ಹೋದರು. ನಾನು ನನ್ನ ಜಾಗಕ್ಕೆ ಬಂದು ಬೆನ್ನು ತಿರುಗಿಸಿ ಕೂತು ಉಂಡೆ. ಸಾರು ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅವರ ಮನೆಯಲ್ಲಿ ಅಡುಗೆ ಅವರದೇ ಎಂದು ನನಗೆ ಆಮೇಲೆ ತಿಳಿಯಿತು. ಅವರ ಹೆಂಡತಿ ಜ್ವಾಲಮ್ಮನವರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಹೋಗಿತ್ತು, ಮಾತು ಅರ್ಧ ಉಳಿದಿತ್ತು. ಮಕ್ಕಳಿರಲಿಲ್ಲ. ಬೆಳಿಗ್ಗೆ ಎದ್ದು ಹೆಂಡತಿಗೆ ಸ್ನಾನ ಮಾಡಿಸಿ, ತಿನ್ನಿಸಿ, ನನ್ನ ಬುತ್ತಿ ಕಟ್ಟಿಕೊಂಡು ಕಚೇರಿಗೆ ಬರುತ್ತಿದ್ದರು. ಒಂದು ದಿನವೂ ಜಗಳದ ಉಪ್ಪು ಹಾಕಲಿಲ್ಲ. ನಾನೂ ಹಾಕಲಿಲ್ಲ, ಅಥವಾ ಹಾಗೆಂದುಕೊಂಡಿದ್ದೆ.

ಕೇಸು ಮಳೆಗಾಲ ದಾಟಿತು, ದೀಪಾವಳಿ ದಾಟಿತು. ವಾಯಿದೆ ಮೇಲೆ ವಾಯಿದೆ. ಒಂದು ದಿನ ಎಂದಿನಂತೆ ನಾನು ಬೆನ್ನು ಮಾಡಿ ಉಣ್ಣುತ್ತಿದ್ದಾಗ ಧರಣೇಂದ್ರಯ್ಯನವರು ನಾನು ಕೊಟ್ಟ ಡಬ್ಬಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರವೇ ಬಂದರು. ಕಚೇರಿಯಲ್ಲಿ ಎಲ್ಲರ ತುತ್ತು ಕೈಯಲ್ಲೇ ನಿಂತಿತು.

"ನೀಲಾಂಬಿಕಮ್ಮನವರೇ, ಒಂದು ಮಾತು. ಕೋಪ ಮಾಡಿಕೋಬೇಡಿ."

"ಹೇಳಿ."

"ಇದನ್ನ ಮೂಸಿ ನೋಡಿ."

ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದೆ. "ಸಾರು. ಏನಾಯಿತು?"

"ಹಳಸಿದೆ."

ನನಗೆ ಅವಮಾನವಾಯಿತು. "ನಿಮಗೆ ಇಷ್ಟವಾಗದಿದ್ದರೆ ಚೆಲ್ಲಿ. ಹಳಸಿದ್ದು ಕಳಿಸುವ ಮನೆ ನಮ್ಮದಲ್ಲ."

"ಅದನ್ನೇ ನಾನು ಹೇಳ್ತಿರೋದು," ಎಂದು ಅವರು ದನಿ ತಗ್ಗಿಸಿದರು. "ದಸರಾ ಆದಮೇಲಿಂದ ಉಪ್ಪು ಹೆಚ್ಚಾಗ್ತಾ ಬಂತು. ಜಗಳದ ಉಪ್ಪು ಅಂದುಕೊಂಡು ಸುಮ್ಮನೆ ನೀರು ಬೆರೆಸಿಕೊಂಡು ಉಂಡೆ. ಆಮೇಲೆ ಇಂಗು ಕಹಿ ಹತ್ತೋ ಅಷ್ಟು. ಮೊನ್ನೆ ಪಲ್ಯ ತಳ ಹತ್ತಿ ಸೀದುಹೋಗಿತ್ತು. ಇವತ್ತು ಹಳಸಿದೆ. ಉಪ್ಪು ಸಿಟ್ಟಿಗೆ ಹಾಕಬಹುದು. ಹಳಸಿದ್ದನ್ನ ಸಿಟ್ಟಿಗೆ ಕಳಿಸೋ ಹೆಂಗಸಲ್ಲ ನೀವು. ನಿಮಗೆ ವಾಸನೆ ಬರ್ತಾ ಇಲ್ಲ ಅಲ್ಲವೇ?"

ಯಾವಾಗಿನಿಂದ ಎಂದು ಯೋಚಿಸಿದೆ. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಕೊಳೆತ ಎಲೆಕೋಸಿನ ನಾತಕ್ಕೆ ದಿನಾ ಮೂಗು ಮುಚ್ಚಿಕೊಂಡು ಹೋಗುತ್ತಿದ್ದವಳು ನಾನು. ಯಾವತ್ತಿನಿಂದ ಸೆರಗು ಮೂಗಿಗೆ ಹೋಗುವುದು ನಿಂತಿತ್ತೋ ನೆನಪಾಗಲಿಲ್ಲ. ತಲೆನೋವಿತ್ತು. ಕೇಸಿನ ಚಿಂತೆ ಎಂದುಕೊಂಡಿದ್ದೆ. ಊಟ ಸಪ್ಪೆ ಎನಿಸುತ್ತಿತ್ತು. ಒಬ್ಬಳೇ ಉಣ್ಣುವವಳಿಗೆ ಹಾಗೇ ಎಂದುಕೊಂಡಿದ್ದೆ.

ಅವರು ತಮ್ಮ ಮೇಜಿನಿಂದ ಕಾಫಿ ಪುಡಿಯ ಡಬ್ಬಿ ತಂದು, ನನ್ನ ಕಣ್ಣು ಮುಚ್ಚಿಸಿ, ಮೂಗಿನ ಮುಂದೆ ಹಿಡಿದರು. ನನಗೆ ಏನೂ ಬರಲಿಲ್ಲ. ಕಣ್ಣು ಬಿಟ್ಟಾಗ ಅವರ ಮುಖ ನೋಡಿ ಹೆದರಿಕೆಯಾಯಿತು.

"ಶೀತ ಇರಬಹುದು," ಎಂದೆ.

"ಇರಬಹುದು. ಡಾಕ್ಟರು ಹಾಗಂತ ಹೇಳಲಿ. ನಮ್ಮ ಮನೆಯವಳ ಕೈಯಿಂದ ಲೋಟ ಜಾರ್ತಿತ್ತು. ಮೂರು ನಾಲ್ಕು ಲೋಟ ಒಡೆದವು. ಜ್ಞಾನ ಎಲ್ಲಿಟ್ಟುಕೊಂಡಿದೀಯ ಅಂತ ನಾನು ಬೈದೆ. ಆ ವಾರವೇ ಬಿದ್ದಳು." ಸಾರಿನ ಡಬ್ಬಿಗೆ ಮುಚ್ಚಳ ಹಾಕಿ, "ಇವತ್ತೇ ಹೋಗಿ. ರಜೆ ಚೀಟಿ ಕೊಡಿ, ಶಿರಸ್ತೇದಾರ ನಾನೇ ಅಲ್ಲವೇ, ಸದ್ಯಕ್ಕೆ," ಎಂದರು.

ಆ 'ಸದ್ಯಕ್ಕೆ'ಯಲ್ಲಿ ವ್ಯಂಗ್ಯವಿರಲಿಲ್ಲ. ನಾನು ಹೋದೆ. ಮೂಗಿನ ಡಾಕ್ಟರು ನರದ ಡಾಕ್ಟರಿಗೆ ಕಳಿಸಿದರು, ಅವರು ಸ್ಕ್ಯಾನಿಗೆ ಕಳಿಸಿದರು. ಮಿದುಳಿನ ಅಡಿಯಲ್ಲಿ, ಮೂಗಿನ ನೇರಕ್ಕೆ, ಒಂದು ಗಂಟು ಬೆಳೆದಿತ್ತು. ಕೆಟ್ಟ ಜಾತಿಯದಲ್ಲ, ಆದರೆ ಜಾಗ ಕೆಟ್ಟದ್ದು ಎಂದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಣ್ಣಿನ ನರ ಒತ್ತಿ ದೃಷ್ಟಿ ಹೋಗುತ್ತಿತ್ತು, ಆಮೇಲೆ ಇನ್ನೇನೇನೋ. "ವಾಸನೆ ಹೋಗಿದೆ ಅಂತ ಇಷ್ಟು ಬೇಗ ಗೊತ್ತಾದದ್ದು ಹೇಗೆ? ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ," ಎಂದರು ಡಾಕ್ಟರು. "ನನ್ನ ಪ್ರತಿವಾದಿ ಹೇಳಿದರು," ಎಂದೆ. ಅವರು ಬೇರೆ ಊರಿನವರು. ನನ್ನ ಬುದ್ಧಿಗೂ ಏನೋ ಆಗಿದೆ ಎನ್ನುವ ಹಾಗೆ ನೋಡಿ ಏನೋ ಬರೆದುಕೊಂಡರು.

ತಂಗಿ ಗಿರಿಜೆ ದೂರದ ಊರಿನಿಂದ ಬಂದಳು. ಆಪರೇಷನ್ ಆಯಿತು. ತಲೆಯ ಮುಂದಿನ ಕೂದಲು ಬೋಳಿಸಿ, ಪಟ್ಟಿ ಸುತ್ತಿ, ನನ್ನನ್ನು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಸಿದರು. ಎಚ್ಚರವಾದಾಗ ಮೊದಲು ಕಂಡದ್ದು ಗಿರಿಜೆಯ ಮುಖ. ಅತ್ತು ಅತ್ತು ಊದಿಕೊಂಡ ಆ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಕಾಣುತ್ತಿದೆಯಲ್ಲ ಎಂದು ನನಗೂ ಅಳು ಬಂತು.

ಕೇಸಿನ ನೆನಪು ನನಗಿರಲಿಲ್ಲ. ನೆನಪು ಮಾಡಿದವರು ಬಾಷು ಸಾಬರು. ಒಂದು ಬೆಳಿಗ್ಗೆ ಟೋಪಿ ಕೈಯಲ್ಲಿ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದರು.

"ಅಮ್ಮಾ, ಹೇಳೋಕೆ ನಾಲಿಗೆ ಬರ್ತಿಲ್ಲ. ಆದರೆ ನನ್ನ ಕೆಲಸ ಹೇಳೋದು. ಇವತ್ತು ಮಧ್ಯಾಹ್ನದೊಳಗೆ ನಿಮ್ಮ ಕೈಯಿಂದ ಬುತ್ತಿ ಹೋಗದಿದ್ದರೆ ವಾರ ತುಂಬುತ್ತೆ. ಕೇಸು ಬಿದ್ದುಹೋಗುತ್ತೆ."

ಗಿರಿಜೆ ಹುಲಿಯಾದಳು. "ತಲೆ ಕೊಯ್ದು ಮಲಗಿಸಿದ್ದಾರೆ, ಕಣ್ಣು ಕಾಣಿಸಲ್ವಾ ನಿಮಗೆ? ಎದ್ದು ರೊಟ್ಟಿ ತಟ್ಟಬೇಕಾ ಅವಳು?"

"ನಾನೂ ಜಡ್ಜಮ್ಮನವರ ಹತ್ರ ಹೋಗಿ ಕೇಳಿದೆ ತಾಯಿ. ನಿಯಮದಲ್ಲಿ ಕಾಯಿಲೆಗೆ ಬಿಡುವಿಲ್ಲ ಅಂದರು. ಕೈಯಾರೆ ಮಾಡಿದ್ದು ಅಂತಷ್ಟೇ ಇದೆ, ಏನು ಮಾಡಬೇಕು ಅಂತ ಇಲ್ಲ ಅಂದರು."

"ಬಿದ್ದುಹೋಗಲಿ ಬಿಡಿ," ಎಂದೆ ನಾನು. ಬದುಕಿದ್ದೇನೆ, ಕುರ್ಚಿ ಯಾರಿಗೆ ಬೇಕು ಎನಿಸಿತ್ತು. ಬಾಷು ಸಾಬರು ಹೋಗಲೂ ಇಲ್ಲ, ಕೂರಲೂ ಇಲ್ಲ, ಬಾಗಿಲಲ್ಲೇ ಓಡಾಡುತ್ತಿದ್ದರು. ಯಾಕೆಂದು ಸ್ವಲ್ಪ ಹೊತ್ತಿಗೆ ಗೊತ್ತಾಯಿತು. ಧರಣೇಂದ್ರಯ್ಯನವರು ಒಂದು ಕೈಚೀಲ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದರು. ಆಸ್ಪತ್ರೆಗೂ ಅವರು ನನ್ನ ಬುತ್ತಿಯನ್ನು ದಿನಾ ತಂದು ಗಿರಿಜೆಯ ಕೈಗೆ ಕೊಟ್ಟು ಹೋಗುತ್ತಿದ್ದರಂತೆ. ಅವತ್ತು ಡಬ್ಬಿಯ ಜೊತೆಗೆ ಒಂದು ಪೊಟ್ಟಣ ಅವಲಕ್ಕಿ, ಒಂದು ಗಿಂಡಿ ಮೊಸರು, ಒಂದು ಸ್ಟೀಲು ಬಟ್ಟಲು ಇದ್ದವು.

"ಏಳಬೇಡಿ. ಬೆನ್ನಿಗೆ ಇನ್ನೊಂದು ದಿಂಬು ಕೊಡಮ್ಮ ಅಕ್ಕನಿಗೆ," ಎಂದು ಗಿರಿಜೆಗೆ ಹೇಳಿ ಬಟ್ಟಲನ್ನು ನನ್ನ ಮಡಿಲಲ್ಲಿಟ್ಟರು. ಅವಲಕ್ಕಿ ಆಗಲೇ ತೊಳೆದು ನೆನೆಸಿದ್ದರು. "ಹಾಕಿಕೊಂಡು ಕಲಸಿ. ಅಷ್ಟು ಸಾಕು."

"ಧರಣೇಂದ್ರಯ್ಯನವರೇ, ಈ ಕೇಸು ನನಗೆ ಬೇಡ."

"ಬೇಕೋ ಬೇಡವೋ ಆಮೇಲೆ ಹೇಳುವಿರಂತೆ. ಕಾಯಿಲೆಯಿಂದ ಬಿದ್ದುಹೋದ ಕೇಸಿನಲ್ಲಿ ಗೆದ್ದೆ ಅನ್ನಿಸಿಕೊಳ್ಳೋದು ನನಗೆ ಬೇಡ. ಕಲಸಿ, ಹೊತ್ತಾಯಿತು."

ಗಿರಿಜೆ ನನ್ನ ಕೈ ತೊಳೆಸಿದಳು. ಸೂಜಿ ಚುಚ್ಚಿದ ಎಡಗೈ ಹಾಗೇ ಇಟ್ಟು, ಬಲಗೈಯಿಂದ ಮೊಸರು ಸುರಿದುಕೊಂಡು ಕಲಸಿದೆ. ಬೆರಳುಗಳಲ್ಲಿ ಶಕ್ತಿ ಇರಲಿಲ್ಲ. ಅವಲಕ್ಕಿ ಗಂಟುಗಂಟಾಗಿ ಉಳಿಯಿತು. ಬಾಷು ಸಾಬರು ಬಗ್ಗಿ ನೋಡಿ, "ವಾದಿ ಕೈಯಾರೆ," ಎಂದು ಗಟ್ಟಿಯಾಗಿ, ಇಡೀ ವಾರ್ಡಿಗೆ ಕೇಳುವಂತೆ ಹೇಳಿದರು. ಧರಣೇಂದ್ರಯ್ಯನವರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅದನ್ನೆಲ್ಲ ತಿಂದರು. ಬಟ್ಟಲಿನ ತಳವನ್ನು ಬೆರಳಿನಿಂದ ಬಳಿದರು.

"ಹೇಗಿದೆ?" ಎಂದು ಕೇಳಿದೆ.

"ಉಪ್ಪು ಹಾಕುವುದನ್ನೇ ಮರೆತಿದ್ದೀರಿ," ಎಂದರು.

ಗಿರಿಜೆ ನಕ್ಕಳು. ಅವಳು ಊರಿಗೆ ಬಂದ ಮೇಲೆ ನಕ್ಕದ್ದು ಅದೇ ಮೊದಲು. ನನಗೆ ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಕ್ಕೆ. ನಾನು ಮನೆಗೆ ಹೋಗುವವರೆಗೂ ಅವರು ದಿನಾ ಬಂದು ಅವಲಕ್ಕಿ ಕಲಸಿಸಿಕೊಂಡು ತಿಂದು ಹೋದರು. ಮೊದಮೊದಲು ನನಗೆ ಕಲಸುವುದೇ ದೊಡ್ಡ ಕೆಲಸ. ಬರಬರುತ್ತಾ ಬೆರಳುಗಳು ಚುರುಕಾದವು. ಕೊನೆಯ ದಿನಗಳಲ್ಲಿ ಗಿರಿಜೆ ಹೊರಗಿನಿಂದ ಕೊತ್ತಂಬರಿ ಸೊಪ್ಪು ತಂದರೆ ಮಂಚದ ಮೇಲೇ ಕೂತು ಹೆಚ್ಚಿ ಹಾಕುತ್ತಿದ್ದೆ.

ಮನೆಗೆ ಬಂದು ಸ್ವಲ್ಪ ಓಡಾಡುವಂತಾದಾಗ ನಾನು ಅವರ ಮನೆಗೆ ಹೋದೆ. ಜ್ವಾಲಮ್ಮನವರನ್ನು ಅವತ್ತೇ ಮೊದಲು ನೋಡಿದ್ದು. ಮಂಚದ ತಲೆದೆಸೆಗೆ ದಿಂಬು ಒರಗಿಸಿ ಕೂತಿದ್ದರು. ಅಗಲ ಹಣೆ, ಚುರುಕು ಕಣ್ಣು. ನನ್ನ ಬೋಳಿಸಿದ ಮುಂದಲೆಯನ್ನೇ ನೋಡುತ್ತಿದ್ದರು. ಎಡಗೈ ಚಾಚಿ ನನ್ನನ್ನು ಹತ್ತಿರ ಕರೆದು, ಹೊಲಿಗೆಯ ಗುರುತನ್ನು ಒಂದು ಬೆರಳಿನಿಂದ ಮೆಲ್ಲಗೆ ಸವರಿದರು. ನನ್ನ ತಾಯಿ ತೀರಿಕೊಂಡ ಮೇಲೆ ಯಾರೂ ನನ್ನ ತಲೆ ಮುಟ್ಟಿರಲಿಲ್ಲ.

ಧರಣೇಂದ್ರಯ್ಯನವರಿಗೆ ಹೇಳಿದೆ, "ನಾನು ಕೇಸು ವಾಪಸು ತೆಗೆದುಕೊಳ್ಳುತ್ತೇನೆ. ನಿಮ್ಮ ಋಣ ದೊಡ್ಡದು."

ಅವರು ಕೋಪಿಸಿಕೊಂಡದ್ದನ್ನು ಅವತ್ತು ನೋಡಿದೆ. "ಏನು ಋಣ? ಹಳಸಿದ ಸಾರು ಹಳಸಿದೆ ಅಂತ ಹೇಳಿದೆ. ಅದಕ್ಕೆ ಕುರ್ಚಿ ದಕ್ಷಿಣೆಯೇ? ಎಷ್ಟು ಸಲ ಪರೀಕ್ಷೆ ಬರೆದಿದ್ದೇನೆ ಅಂತ ಗೊತ್ತೇ ನಿಮಗೆ? ಬೀಳ್ತಾ ಬೀಳ್ತಾ ಬರೆದೆ. ಇವಳು ಇಲ್ಲೇ ಕೂತು ಆ ಎಡಗೈಯಲ್ಲಿ ಪುಸ್ತಕ ಹಿಡಿದು ಪ್ರಶ್ನೆ ಕೇಳೋಳು. ಮಾತು ಬಾರದಿದ್ದಾಗ ಬೆರಳು ಇಟ್ಟು ತೋರಿಸೋಳು, ಇದನ್ನ ಹೇಳು ಅಂತ. ಅಷ್ಟು ಮಾಡಿ ಪಾಸಾದವನು ನಾನು. ನನಗೆ ಕುರ್ಚಿ ಸಿಕ್ಕರೆ ನ್ಯಾಯವಾಗಿ ಸಿಗಬೇಕು, ಇಲ್ಲದಿದ್ದರೆ ನ್ಯಾಯವಾಗಿ ಹೋಗಬೇಕು. ನಿಮ್ಮ ದಯೆಯಿಂದ ಬೇಡ."

ಜ್ವಾಲಮ್ಮನವರು ಮಂಚದಿಂದ ಏನೋ ಅಂದರು. ನನಗೆ ತಿಳಿಯಲಿಲ್ಲ. "ಏನಂದರು?" ಎಂದೆ.

"ಮೆಲ್ಲಗೆ ಮಾತಾಡಿ, ಹುಷಾರಿಲ್ಲದ ಹೆಂಗಸು ಅಂತ ನನಗೆ ಬೈದಳು," ಎಂದರು ಧರಣೇಂದ್ರಯ್ಯನವರು, ದನಿ ಇಳಿಸಿ.

ಹೀಗಾಗಿ ಕೇಸು ನಡೆಯಿತು. ಬೇಸಿಗೆಯ ರಜೆ ಕಳೆದ ಮೇಲೆ ತೀರ್ಪು ಬಂತು. ನಾನು ಗೆದ್ದೆ. ಪರೀಕ್ಷೆ ಬರೆದ ದಿನ ಪಾಸಾದಂತಲ್ಲ, ಪಾಸು ಎನ್ನುವುದು ಪ್ರಕಟವಾದ ದಿನವೇ ಹುಟ್ಟುತ್ತದೆ, ನಿಯಮದ ಮಾತು ಹಾಗಿದೆ ಎಂದರು ಜಡ್ಜಮ್ಮನವರು. ಫಲಿತಾಂಶವನ್ನು ತಿಂಗಳುಗಟ್ಟಲೆ ಮಲಗಿಸಿದ್ದಕ್ಕೆ ಇಲಾಖೆಗೆ ಛೀಮಾರಿ ಹಾಕಿದರು, ಇನ್ನು ಮುಂದೆ ಹಾಗಾಗಬಾರದೆಂದರು. ಧರಣೇಂದ್ರಯ್ಯನವರ ದುಃಖಕ್ಕೆ ಈ ನ್ಯಾಯಾಲಯ ಕಿವುಡಲ್ಲ, ಆದರೆ ಅದರ ಕೈ ಕಟ್ಟಿದೆ ಎಂದೂ ಓದಿದರು. ಅವರು ಎದ್ದು ನಿಂತು ಕೈ ಮುಗಿದು ಹೊರಗೆ ಹೋದರು. ನನ್ನ ಕಡೆ ನೋಡಲಿಲ್ಲ.

ಮರುದಿನ ನಾನು ಶಿರಸ್ತೇದಾರರ ಕುರ್ಚಿಯಲ್ಲಿ ಕೂತೆ, ಅವರು ಹಿಂಬಡ್ತಿಯಾಗಿ ತಮ್ಮ ಹಳೆಯ ಮೇಜಿಗೆ ಹೋದರು. ಆ ಮೇಜನ್ನು ಕೋಣೆಯ ಕೊನೆಗೆ, ಕಂಬದ ಹಿಂದಕ್ಕೆ ಎಳೆಸಿಕೊಂಡರು. ನ್ಯಾಯವಾಗಿ ಹೋಗಲಿ ಎಂದವರೇ ಅವರು, ಆದರೆ ಹೋದಾಗ ನೋವು ಆಗದಿರುತ್ತದೆಯೇ? ನಮಸ್ಕಾರಕ್ಕೆ ತಲೆ ಆಡಿಸುತ್ತಿದ್ದರು, ಫೈಲು ಕೇಳಿದರೆ ತಂದಿಡುತ್ತಿದ್ದರು, ಒಂದು ಮಾತು ಹೆಚ್ಚು ಆಡುತ್ತಿರಲಿಲ್ಲ. ಮನೆಗೆ ಹೋದರೆ ಬಾಗಿಲು ತೆಗೆಯುತ್ತಿದ್ದರು, ಒಳಗೆ ಬನ್ನಿ ಎನ್ನುತ್ತಿರಲಿಲ್ಲ. ಮಾತಾಡದ ಮನುಷ್ಯನಿಗೆ ಕೃತಜ್ಞಳಾಗಿರುವುದು ಕಷ್ಟ ಎಂದು ನೀವು ಅಂದುಕೊಳ್ಳಬಹುದು. ನನಗೇನೂ ಕಷ್ಟವಾಗಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟು ಗೋಡೆಯ ಮೇಲಿನ ಕ್ಯಾಲೆಂಡರಿನ ಅಕ್ಷರ ಕಂಡಾಗಲೆಲ್ಲ ಅವರ ಹೆಸರು ತಾನಾಗಿ ಬಾಯಿಗೆ ಬರುತ್ತಿತ್ತು.

ಅವರ ನಿವೃತ್ತಿ ಹತ್ತಿರ ಬಂದಿತ್ತು. ಅಷ್ಟರಲ್ಲಿ ಕೆಳಗಿನ ಕಾಲುವೆಯ ಶಿರಸ್ತೇದಾರರು ಸ್ವಯಂ ನಿವೃತ್ತಿ ಪಡೆದು ಮಗಳ ಊರಿಗೆ ಹೋಗಿಬಿಟ್ಟರು. ಕುರ್ಚಿ ಖಾಲಿಯಾಯಿತು. ಈ ಸಲ ಯಾವ ಗೊಂದಲವೂ ಇರಲಿಲ್ಲ. ಧರಣೇಂದ್ರಯ್ಯನವರು ಪಾಸಾಗಿದ್ದರು, ಪಾಸಾದವರಲ್ಲಿ ಎಲ್ಲರಿಗಿಂತ ಹಿರಿಯರು. ಒಂದೇ ತೊಂದರೆ, ನಮ್ಮ ಇಲಾಖೆಯಲ್ಲಿ ಬಡ್ತಿಯ ಫೈಲು ತನ್ನ ಪಾಡಿಗೆ ನಡೆದರೆ ಅವರ ನಿವೃತ್ತಿಯಾಗಿ ಎಷ್ಟೋ ದಿನಗಳ ಮೇಲೆ ಕೊನೆ ಮುಟ್ಟುತ್ತಿತ್ತು. ಫೈಲು ಕಟ್ಟಿ ಟಿಪ್ಪಣಿ ಬರೆಯುವ ಕೆಲಸ ನನ್ನದು. ಬರೆದೆ. ಬರೆದು, ಜವಾನನ ಕೈಗೆ ಕೊಡದೆ, ನಾನೇ ಎತ್ತಿಕೊಂಡು ಮೇಜಿನಿಂದ ಮೇಜಿಗೆ ನಡೆದೆ. ಒಬ್ಬರು ಇಲ್ಲದಿದ್ದರೆ ಬಾಗಿಲಲ್ಲಿ ಕಾದೆ. ಸಹಿ ಬೀಳುವ ತನಕ ಕದಲಲಿಲ್ಲ. ಆಪರೇಷನ್ ಆದ ಹೆಂಗಸು ನಿಂತಿದ್ದಾಳೆ ಎಂದು ಕೆಲವರು ಬೇಗ ಹಾಕಿದರು. ಹಣೆಯ ಗುರುತು ಕಾಣುವ ಹಾಗೆ ಸೆರಗನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡೇ ನಿಲ್ಲುತ್ತಿದ್ದೆ, ಸುಳ್ಳು ಹೇಳುವುದೇಕೆ.

ಕೊನೆಯ ಸಹಿ ಹೊಸ ಸಾಹೇಬರದು. ಫೈಲು ತಿರುವಿ ಅವರು ಪೆನ್ನು ಕೆಳಗಿಟ್ಟರು.

"ಈ ತಿಂಗಳ ಕೊನೆಗೆ ರಿಟೈರ್ ಆಗುವವರಿಗೆ ಯಾಕಮ್ಮ ಬಡ್ತಿ? ಕುರ್ಚಿ ಬಿಸಿಯಾಗುವುದರೊಳಗೆ ಏಳಬೇಕು. ಇವರನ್ನು ಬಿಟ್ಟು ಮುಂದಿನವರಿಗೆ ಕೊಟ್ಟರಾಯಿತು."

"ಹಾಗೇ ಮಾಡಬಹುದು ಸರ್," ಎಂದೆ. "ಆದರೆ ಹಕ್ಕು ಅವರದು. ಅವರು ಕೋರ್ಟಿಗೆ ಹೋಗುತ್ತಾರೆ. ಸಹಿ ನಿಮ್ಮದಾಗಿರುವುದರಿಂದ ಪ್ರತಿವಾದಿ ನೀವು. ದಿನಾ ಬುತ್ತಿ ನೀವೇ ಕೈಯಾರೆ ಮಾಡಿ ಕಳಿಸಬೇಕು. ಈರುಳ್ಳಿ ಬೆಳ್ಳುಳ್ಳಿ ಆಗುವುದಿಲ್ಲ ಅವರಿಗೆ. ಗಡ್ಡೆ ಗೆಣಸೂ ಆಗುವುದಿಲ್ಲ."

ಸಾಹೇಬರು ನನ್ನನ್ನೇ ನೋಡಿದರು. "ಎಷ್ಟು ದಿನ ನಡೆಯುತ್ತವೆ ಇಲ್ಲಿ ಇಂಥ ಕೇಸುಗಳು?"

"ನನ್ನದು ಬೇಗ ಮುಗಿಯಿತು ಸರ್. ಎರಡು ಮಳೆಗಾಲ ಹಿಡಿಯಿತು."

ಅವರು ಪೆನ್ನು ಎತ್ತಿಕೊಂಡರು.

ಆದೇಶ ಧರಣೇಂದ್ರಯ್ಯನವರ ಕೈ ಸೇರಿದಾಗ ನಿವೃತ್ತಿಗೆ ಒಂದು ವಾರವೂ ಉಳಿದಿರಲಿಲ್ಲ. ಅವರು ಅದನ್ನು ಓದಿ, ಮಡಚಿ, ಮತ್ತೆ ಬಿಡಿಸಿ ಓದಿ, ಕಂಬದ ಹಿಂದಿನಿಂದ ಎದ್ದು ನನ್ನ ಮೇಜಿನ ಮುಂದೆ ಬಂದು ನಿಂತರು.

"ಫೈಲು ನೀವೇ ಹೊತ್ತುಕೊಂಡು ತಿರುಗಿದಿರಂತೆ."

"ಹೋಗಬೇಕಾದ ದಾರಿಯಲ್ಲೇ ಹೋಯಿತು. ಒಂದು ಮೇಜನ್ನೂ ಹಾರಿಸಿಲ್ಲ. ಬೇಕಾದರೆ ಸಹಿ ನೋಡಿ," ಎಂದೆ. ದಯೆ ಎಂದುಕೊಂಡಾರು ಎಂದು ನನಗೆ ಭಯವಿತ್ತು.

"ನೋಡಿದೆ," ಎಂದರು. "ತೀರ್ಪು ಬಂದ ಮೇಲೆ ನಾನು ನಡೆದುಕೊಂಡದ್ದು ಸಣ್ಣತನ. ಜ್ವಾಲಾ ದಿನಾ ಬೈತಾಳೆ. ಅರ್ಧ ಮಾತಿನಲ್ಲೇ ಅಷ್ಟು ಬೈಗುಳ ಹೇಗೆ ಬರುತ್ತೋ." ಕಣ್ಣು ಒರೆಸಿಕೊಂಡರು. "ನಾಳೆ ಅವಳನ್ನ ಕೆಳಗಿನ ಕಾಲುವೆ ಕಚೇರಿಗೆ ಕರೆತರ್ತೀನಿ. ನೀವೂ ಬನ್ನಿ."

ಮರುದಿನ ಬಾಷು ಸಾಬರು ಮತ್ತು ಕೆಳಗಿನ ಕಾಲುವೆಯ ಇಬ್ಬರು ಜವಾನರು ಸೇರಿ ಜ್ವಾಲಮ್ಮನವರನ್ನು ಆಟೋದಿಂದ ಇಳಿಸಿ, ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಹಾಗೇ ಎತ್ತಿಕೊಂಡು ಮೆಟ್ಟಿಲು ಹತ್ತಿಸಿದರು. ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟಿದ್ದರು. ಉಡಿಸಿದವರು ಗಂಡ ಎಂದು ನೆರಿಗೆ ನೋಡಿದರೇ ತಿಳಿಯುತ್ತಿತ್ತು. ಧರಣೇಂದ್ರಯ್ಯನವರು ಶಿರಸ್ತೇದಾರರ ಮೇಜಿಗೆ ಕೈ ಮುಗಿದು ಕುರ್ಚಿಯಲ್ಲಿ ಕೂತರು. ಕೈ ಎಲ್ಲಿಡುವುದೆಂದು ತಿಳಿಯದೆ ಮೇಜಿನ ಮೇಲಿಟ್ಟರು, ಮಡಿಲಿಗೆ ತೆಗೆದುಕೊಂಡರು, ಮತ್ತೆ ಮೇಲಿಟ್ಟರು. ಮೇಲಿನ ಕಾಲುವೆಯಲ್ಲಿ ಅಷ್ಟು ತಿಂಗಳು ಇಂಥದೇ ಕುರ್ಚಿಯಲ್ಲಿ ಕೂತಿದ್ದವರು, ಆದರೆ ಅದು ಕೇಸಿನ ಕುರ್ಚಿ. ಹೆಂಡತಿಯನ್ನು ಅಲ್ಲಿಗೆ ಒಂದು ದಿನವೂ ಕರೆತಂದಿರಲಿಲ್ಲ.

ನಾವೆಲ್ಲ ಜ್ವಾಲಮ್ಮನವರ ಮುಖ ನೋಡುತ್ತಿದ್ದೆವು. ಅವರು ಗಂಡನನ್ನು ನೋಡಿದರು, ಮೇಜು ನೋಡಿದರು, ಮೇಲೆ ಕಿರುಗುಡುತ್ತಿದ್ದ ಫ್ಯಾನು ನೋಡಿದರು, ಧೂಳು ಹಿಡಿದ ಗಾಜಿನ ಕಿಟಕಿ ನೋಡಿದರು. ತುಟಿಯ ಒಂದು ಬದಿ ಅಲುಗಾಡಿತು. ಮಾತು ಬರಲು ಹೊತ್ತು ಹಿಡಿಯಿತು, ಆದರೆ ಈ ಸಲ ನನಗೂ ಪೂರ್ತಿ ಅರ್ಥವಾಯಿತು.

"ಕಿಟಕಿ ತೆಗೀರಿ," ಎಂದರು. "ಸೆಕೆ, ನಮ್ಮೆಜಮಾನ್ರಿಗೆ."

ಶಿರಸ್ತೇದಾರರ ಕಿಟಕಿ ತೆಗೆಯುವುದು ಜವಾನರ ಕೆಲಸ. ಅವರು ಮುಂದೆ ಬಂದರು. ನಾನು ಅವರನ್ನು ತಡೆದು, ನಾನೇ ಹೋಗಿ ಚಿಲಕ ಎಳೆದೆ. ಬಿಗಿದುಕೊಂಡಿತ್ತು, ಎರಡೂ ಕೈ ಹಾಕಿ ನೂಕಬೇಕಾಯಿತು. ಕಾಲುವೆಯ ಮೇಲಿನಿಂದ ಗಾಳಿ ಒಳಗೆ ನುಗ್ಗಿ ಮೇಜಿನ ಮೇಲಿನ ಕಾಗದಗಳನ್ನೆಲ್ಲ ಹಾರಿಸಿತು. ಹೊಸ ಶಿರಸ್ತೇದಾರರು ಎರಡು ಕೈಯಲ್ಲೂ ಅವನ್ನು ಅವುಚಿ ಹಿಡಿದುಕೊಂಡು ನಗುತ್ತಿದ್ದರು.